ತೂಕ ಇಳಿಸುವ ಆಪರೇಷನ್ ಆದವರು ರಕ್ತ ಕೊಡುವುದು ಹೇಗೆ?

"ಸ್ಲೀವ್ ಆಪರೇಷನ್ ಆಗಿ ಎರಡು ವರ್ಷ ಆಯ್ತು, ನಲವತ್ತು ಕೆ.ಜಿ. ಇಳಿದಿದೆ. ಈಗ ರಕ್ತ ಕೊಡಬಹುದಾ?" ರಕ್ತದಾನ ಶಿಬಿರಗಳಲ್ಲಿ ಓಡಾಡುವ ನನಗೆ ಈ ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಎದುರಾಗುತ್ತಿದೆ. ಕೇಳುವವರಲ್ಲಿ ಎಷ್ಟೋ ಜನ ಮೊದಲು ಬಿಪಿ ಜಾಸ್ತಿ, ಶುಗರ್ ಜಾಸ್ತಿ ಎಂದು ಶಿಬಿರದ ಬಾಗಿಲಿನಿಂದಲೇ ವಾಪಸ್ ಹೋದವರು. ಮೈ ಹಗುರಾಗಿ, ಮಾತ್ರೆಗಳು ಕಡಿಮೆಯಾದ ಮೇಲೆ ಇನ್ನೊಬ್ಬರಿಗೆ ಏನಾದರೂ ಕೊಡಬೇಕು ಎನ್ನಿಸುವುದು ಸಹಜ, ದೊಡ್ಡ ಮನಸ್ಸೂ ಹೌದು. ಆ ಮನಸ್ಸಿಗೆ ಸರಿಯಾದ ದಾರಿ ತೋರಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ: ಕೊಡಬಹುದು. ತೂಕ ಇಳಿಸುವ ಆಪರೇಷನ್ ಆಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ದೇಶದ ನಿಯಮ ಯಾರನ್ನೂ ಜೀವನಪೂರ್ತಿ ದೂರ ಇಡುವುದಿಲ್ಲ. ಆದರೆ ಅದರಲ್ಲೊಂದು ತೊಡಕಿದೆ. ರಕ್ತನಿಧಿಯವರು ನೋಡುವುದು ಇವತ್ತು ನಿಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನು ಮಾತ್ರ. ಕೊಟ್ಟದ್ದನ್ನು ನಿಮ್ಮ ಮೈ ಮತ್ತೆ ತುಂಬಿಕೊಳ್ಳಬಲ್ಲದೇ ಎಂಬುದನ್ನು ಅವರು ನೋಡುವುದಿಲ್ಲ, ಆ ಪರೀಕ್ಷೆ ಅಲ್ಲಿ ಇಲ್ಲ. ಅದನ್ನು ನೀವೇ ನೋಡಿಕೊಂಡು ಹೋಗಬೇಕು.

ಮೊದಲು ನಾಲ್ಕು ಪದ

ಸ್ಲೀವ್ ಎಂದರೆ ಹೊಟ್ಟೆಯ, ಅಂದರೆ ಜಠರದ, ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುವುದು. ಕರುಳಿನ ದಾರಿ ಹಾಗೆಯೇ ಇರುತ್ತದೆ. ಬೈಪಾಸ್ ಎಂದರೆ ಜಠರವನ್ನು ಚಿಕ್ಕ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುವುದು. ಮಿನಿ ಬೈಪಾಸ್ ಇದರದೇ ಇನ್ನೊಂದು ರೂಪ. ಫೆರಿಟಿನ್ ಎಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ. ಡಂಪಿಂಗ್ ಎಂದರೆ ಸಿಹಿ ಆಹಾರ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಸುರಿದು, ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ತಲೆಸುತ್ತು ಬರುವುದು. ಈ ಕೊನೆಯ ಪದವನ್ನು ನೆನಪಿಡಿ, ರಕ್ತ ಕೊಟ್ಟ ಮೇಲೆ ಕೈಗೆ ಬರುವ ಜ್ಯೂಸ್ ಪೊಟ್ಟಣಕ್ಕೂ ಇದಕ್ಕೂ ನೇರ ಸಂಬಂಧವಿದೆ.

ನಿಮ್ಮ ವಿಷಯ ಯಾಕೆ ಬೇರೆ?

350 ಮಿ.ಲೀ. ರಕ್ತ ಕೊಟ್ಟರೆ ಸುಮಾರು 150 ಮಿಲಿಗ್ರಾಂ ಕಬ್ಬಿಣಾಂಶ ಮೈಯಿಂದ ಹೊರಗೆ ಹೋಗುತ್ತದೆ. 450 ಮಿ.ಲೀ. ಆದರೆ ಸುಮಾರು 200. ಆರೋಗ್ಯವಂತ ಮನುಷ್ಯ ದಿನದ ಊಟದಿಂದ ಹೀರಿಕೊಳ್ಳುವ ಕಬ್ಬಿಣಾಂಶ 1ರಿಂದ 2 ಮಿಲಿಗ್ರಾಂ ಮಾತ್ರ. ಲೆಕ್ಕ ನೀವೇ ಹಾಕಿ, ಒಂದು ಸಲ ಕೊಟ್ಟದ್ದು ತಿಂಗಳುಗಟ್ಟಲೆ ಸಂಪಾದನೆ.

ಕಬ್ಬಿಣಾಂಶ ಮುಖ್ಯವಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಊಟ ಆ ದಾರಿಯನ್ನು ಮುಟ್ಟುವುದೇ ಇಲ್ಲ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜಠರದ ಆಮ್ಲವೂ ಬೇಕು. ಸ್ಲೀವ್ ಆದವರಲ್ಲಿ ಆಮ್ಲ ಸ್ರವಿಸುವ ಭಾಗವೇ ಬಹುಪಾಲು ಹೋಗಿರುತ್ತದೆ, ಜೊತೆಗೆ ಆಸಿಡಿಟಿಯ ಮಾತ್ರೆ ನುಂಗುತ್ತಿದ್ದರೆ ಇನ್ನೂ ಕಡಿಮೆ. ಬಿ12 ಕಥೆಯೂ ಹೀಗೆಯೇ. ಅದನ್ನು ಹೀರಿಕೊಳ್ಳಲು ಬೇಕಾದ ಒಂದು ಪ್ರೋಟೀನ್ ಜಠರದ ಗೋಡೆಯಿಂದಲೇ ಬರಬೇಕು. ಬಿ12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ದಾಸ್ತಾನಿರುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ವರ್ಷ ರಿಪೋರ್ಟ್ ಚೆನ್ನಾಗಿತ್ತು ಎಂಬುದು ನಾಲ್ಕನೇ ವರ್ಷಕ್ಕೆ ಆಧಾರವಲ್ಲ.

ಹಂತ 1: ದಿನ ಎಣಿಸಿ

ಭಾರತದ ನಿಯಮದಲ್ಲಿ ದೊಡ್ಡ ಆಪರೇಷನ್ ಆಗಿ ಚೇತರಿಸಿಕೊಂಡ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ. ಸಣ್ಣ ಆಪರೇಷನ್‌ಗೆ 6 ತಿಂಗಳು. ಸ್ಲೀವ್, ಬೈಪಾಸ್ ಎರಡೂ ಆಸ್ಪತ್ರೆಗೆ ಸೇರಿ, ಪೂರ್ತಿ ಅರಿವಳಿಕೆ ಕೊಟ್ಟು ಮಾಡುವಂಥವು. ಹಾಗಾಗಿ 12 ತಿಂಗಳು ಎಂದೇ ಹಿಡಿಯಿರಿ. "ದೂರ್ಬೀನು ಹಾಕಿ ಮಾಡಿದ್ದು, ನಾಲ್ಕು ತೂತು ಅಷ್ಟೇ, ಹಾಗಾಗಿ ಅದು ಸಣ್ಣ ಆಪರೇಷನ್" ಎಂದು ವಾದಿಸುವವರಿದ್ದಾರೆ. ಹೊರಗಿನ ಗಾಯ ಚಿಕ್ಕದು, ಒಳಗಿನ ಕೆಲಸ ಚಿಕ್ಕದಲ್ಲ. ಆಪರೇಷನ್ ಸಮಯದಲ್ಲಿ ಅಥವಾ ನಂತರ ನಿಮಗೇ ರಕ್ತ ಹಾಕಿದ್ದರೆ, ಆ ದಿನದಿಂದಲೂ 12 ತಿಂಗಳು ಕಳೆದಿರಬೇಕು.

ಇಲ್ಲಿ ಜನ ಎಡವುವುದು ಎರಡನೇ ಆಪರೇಷನ್ ವಿಷಯದಲ್ಲಿ. ತೂಕ ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ, ಕೆಲವರಿಗೆ ಅದನ್ನು ತೆಗೆಸಬೇಕಾಗುತ್ತದೆ. ಜೋತುಬಿದ್ದ ಹೊಟ್ಟೆಯ ಚರ್ಮ ತೆಗೆಸುವವರೂ ಇದ್ದಾರೆ. ಸ್ಲೀವ್ ಅನ್ನು ಬೈಪಾಸ್‌ಗೆ ಬದಲಾಯಿಸಿಕೊಳ್ಳುವವರೂ ಇದ್ದಾರೆ. ಇಂಥದ್ದು ಏನೇ ಆದರೂ ಎಣಿಕೆ ಮತ್ತೆ ಒಂದರಿಂದ ಶುರು. ಹಲ್ಲು ಕೀಳಿಸಿದ್ದರೂ 6 ತಿಂಗಳು, ಹಚ್ಚೆ ಹಾಕಿಸಿಕೊಂಡಿದ್ದರೆ 12 ತಿಂಗಳು ಕಾಯಬೇಕು.

ನಿಯಮ 12 ತಿಂಗಳು ಎನ್ನುತ್ತದೆ. ನನ್ನ ಸಲಹೆ, ತೂಕ ಒಂದು ಕಡೆ ನಿಲ್ಲುವವರೆಗೂ ಕಾಯಿರಿ. ತೂಕ ಇಳಿಯುವುದು ಒಂದರಿಂದ ಒಂದೂವರೆ ವರ್ಷದವರೆಗೂ ನಡೆಯುತ್ತಿರುತ್ತದೆ. ತಿಂಗಳಿಗೆ ಎರಡು ಕೆ.ಜಿ. ಇನ್ನೂ ಇಳಿಯುತ್ತಿದ್ದೀರಿ ಎಂದರೆ ಮೈ ಇನ್ನೂ ಕೊರತೆಯ ಬಜೆಟ್‌ನಲ್ಲಿದೆ ಎಂದರ್ಥ. ಮೂರು ತಿಂಗಳು ತೂಕ ಹೆಚ್ಚುಕಡಿಮೆ ಒಂದೇ ಇದ್ದರೆ ಮುಂದಿನ ಹಂತಕ್ಕೆ ಹೋಗಿ.

ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳಿಗೆ ಇಲ್ಲಿಯೇ ಒಂದು ಮಾತು. ಬಸಿರಿಗೆ ಬೇಕಾಗುವ ಕಬ್ಬಿಣಾಂಶ ರಕ್ತದಾನಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಈಗ ಕೂಡಿಟ್ಟುಕೊಳ್ಳುವ ಕಾಲ, ಕೊಡುವ ಕಾಲವಲ್ಲ. ಹೆರಿಗೆಯಾಗಿ 12 ತಿಂಗಳು ಕಳೆದು, ಮಗುವಿಗೆ ಹಾಲೂಡಿಸುವುದು ಮುಗಿದ ಮೇಲೆ ಮತ್ತೆ ಯೋಚಿಸಿ.

ಹಂತ 2: ಕಾಗದ ಹುಡುಕಿ ಇಟ್ಟುಕೊಳ್ಳಿ

ಡಿಸ್ಚಾರ್ಜ್ ಸಮ್ಮರಿ, ಅಂದರೆ ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಸಾರಾಂಶದ ಕಾಗದ ಬೇಕು. ಅದರಲ್ಲಿ ಆಪರೇಷನ್ ಹೆಸರು, ದಿನಾಂಕ, ರಕ್ತ ಹಾಕಿದ್ದರೆ ಅದರ ವಿವರ ಇರುತ್ತದೆ. ಮೊಬೈಲ್‌ನಲ್ಲಿ ಫೋಟೋ ಇದ್ದರೂ ಸಾಕು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಇಂಜೆಕ್ಷನ್‌ಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಿ.

ಎಚ್ಚರಿಕೆ: ಬೈಪಾಸ್ ಆದವರು ಅರ್ಜಿಯಲ್ಲಿ ಬರೇ "ಬೈಪಾಸ್" ಎಂದು ಬರೆಯಬೇಡಿ. ಹೃದಯದ ಬೈಪಾಸ್ ಆದವರು ನಮ್ಮ ನಿಯಮದ ಪ್ರಕಾರ ಮತ್ತೆಂದೂ ರಕ್ತ ಕೊಡುವಂತಿಲ್ಲ. ಗಡಿಬಿಡಿಯಲ್ಲಿ ಅರ್ಜಿ ನೋಡುವವರು ಹೃದಯದ್ದೆಂದೇ ತಿಳಿದು ನಿಮ್ಮನ್ನು ಶಾಶ್ವತ ಪಟ್ಟಿಗೆ ಸೇರಿಸಿಬಿಟ್ಟರೆ ಆಮೇಲೆ ತಿದ್ದಿಸುವುದು ಕಷ್ಟ. "ತೂಕ ಇಳಿಸಲು ಹೊಟ್ಟೆಯ ಗ್ಯಾಸ್ಟ್ರಿಕ್ ಬೈಪಾಸ್, ಇಂಥ ತಿಂಗಳು, ಇಂಥ ವರ್ಷ" ಎಂದು ಪೂರ್ತಿ ಬರೆಯಿರಿ, ಬಾಯಲ್ಲೂ ಹೇಳಿ.

ಹಂತ 3: ಫೆರಿಟಿನ್ ಪರೀಕ್ಷೆ ಮಾಡಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುತ್ತೀರಿ ಎಂದಾದರೆ ಇದನ್ನು ಓದಿ.

ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಅದು ಮೈಲುತುತ್ತದ ನೀರು. ಹನಿ ಮುಳುಗಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚಿದೆ ಎಂದರ್ಥ, ತೇಲಿದರೆ ಕಡಿಮೆ. ಕೆಲವು ಕಡೆ ಚಿಕ್ಕ ಯಂತ್ರ ಇಡುತ್ತಾರೆ. ಗಂಡಸರಿಗೂ ಹೆಂಗಸರಿಗೂ ನಮ್ಮಲ್ಲಿ 12.5 ಒಂದೇ ಗೆರೆ.

ಹಿಮೋಗ್ಲೋಬಿನ್ ಅಂದರೆ ಒಲೆಯ ಮೇಲಿರುವ ಅನ್ನ, ಫೆರಿಟಿನ್ ಅಂದರೆ ಕಣಜದಲ್ಲಿರುವ ಭತ್ತ. ಕಣಜ ತಳ ಕಂಡಿದ್ದರೂ ಇವತ್ತಿನ ಅನ್ನ ಬೆಂದಿರಬಹುದು. ಮೈ ಮೊದಲು ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ, ಅದು ಮುಗಿದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಸುತ್ತದೆ. ಆದ್ದರಿಂದ 13 ಹಿಮೋಗ್ಲೋಬಿನ್ ಇರುವ ಸ್ಲೀವ್ ಆದವರು ನೀಲಿ ನೀರಿನಲ್ಲಿ ಪಾಸಾಗಿ, ರಕ್ತ ಕೊಟ್ಟು, ಎರಡು ತಿಂಗಳಲ್ಲಿ ಮೆಟ್ಟಿಲು ಹತ್ತಲಾಗದೆ ಕೂರುವುದು ನಡೆಯುತ್ತದೆ. ತಪ್ಪು ರಕ್ತನಿಧಿಯದಲ್ಲ, ಆ ಹನಿಗೆ ಅಷ್ಟೇ ಹೇಳಲು ಬರುವುದು. ಇನ್ನೊಂದು ಸೂಕ್ಷ್ಮವಿದೆ. ನೀರು ಸಾಲದೆ ಮೈ ಒಣಗಿದ್ದರೆ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಚಿಕ್ಕ ಹೊಟ್ಟೆಯವರು ನೀರು ಕಡಿಮೆ ಕುಡಿಯುವುದೇ ಹೆಚ್ಚು.

ಹಾಗಾಗಿ ಕೊಡಬೇಕೆಂದಿರುವ ದಿನಕ್ಕೆ ಒಂದು ತಿಂಗಳ ಒಳಗೆ ಲ್ಯಾಬ್‌ನಲ್ಲಿ ಈ ಪರೀಕ್ಷೆಗಳನ್ನು ಮಾಡಿಸಿ: ಪೂರ್ತಿ ರಕ್ತಕಣ ಎಣಿಕೆ, ಫೆರಿಟಿನ್, ಬಿ12. ಸಾಧ್ಯವಾದರೆ ಫೋಲೇಟ್, ವಿಟಮಿನ್ ಡಿ ಕೂಡ. ಆಪರೇಷನ್ ಆದವರು ವರ್ಷಕ್ಕೊಮ್ಮೆ ಹೇಗೂ ಇವನ್ನು ಮಾಡಿಸಬೇಕು. ಆ ವಾರ್ಷಿಕ ತಪಾಸಣೆಗೆ ಹೊಂದಿಸಿಕೊಂಡರೆ ಖರ್ಚು ಉಳಿಯುತ್ತದೆ.

ಸಂಖ್ಯೆ ಓದುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಕೊರತೆ. ವೈದ್ಯರಲ್ಲಿ ಬಹಳಷ್ಟು ಮಂದಿ 30ರ ಕೆಳಗೇ ಎಚ್ಚರಿಕೆ ಹೇಳುತ್ತಾರೆ. ಒಂದು ಸ್ಥೂಲ ಲೆಕ್ಕ ಹೇಳುತ್ತೇನೆ: ಫೆರಿಟಿನ್‌ನ ಒಂದೊಂದು ಅಂಕಿಗೂ ಸುಮಾರು 8 ಮಿಲಿಗ್ರಾಂ ಕೂಡಿಟ್ಟ ಕಬ್ಬಿಣಾಂಶ. 30 ಇದ್ದರೆ ಸುಮಾರು 240 ಮಿಲಿಗ್ರಾಂ. ಅದರಲ್ಲಿ 150 ಚೀಲಕ್ಕೆ ಹೋದರೆ ಉಳಿಯುವುದು 90, ಅಂದರೆ ಫೆರಿಟಿನ್ 11ರ ಆಸುಪಾಸು. ಲ್ಯಾಬ್ ಕಾಗದದಲ್ಲಿ 30 "ನಾರ್ಮಲ್" ಎಂದು ಅಚ್ಚಾಗಿರಬಹುದು, ಆದರೆ ಅದು ಕೊಡುವಷ್ಟು ಇರುವವರ ಸಂಖ್ಯೆ ಅಲ್ಲ. 50 ದಾಟಿರದಿದ್ದರೆ ನಾನು ಯಾರಿಗೂ ಹೋಗಿ ಎಂದು ಹೇಳುವುದಿಲ್ಲ. ಬೈಪಾಸ್ ಆದವರಿಗೆ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ಇನ್ನೂ ಮೇಲಿರಲಿ. ಇದು ನನ್ನ ಲೆಕ್ಕ, ನಿಮ್ಮ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ಸರಿ.

ಮೋಸ ಹೋಗಬಾರದ ಒಂದು ಸಂಗತಿ: ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಡೆಂಗಿ, ಕೆಮ್ಮು, ಮೂತ್ರದ ಸೋಂಕು ಆದ ಬೆನ್ನಿಗೇ ಪರೀಕ್ಷೆ ಮಾಡಿಸಿ ನಂಬಬೇಡಿ.

ಪರೀಕ್ಷೆಗೂ ಮುಂಚೆ ಮೈಯೇ ಹೇಳುವ ಸುಳಿವುಗಳಿವೆ. ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನಬೇಕೆನ್ನಿಸುವ ಚಪಲ ಕಬ್ಬಿಣಾಂಶದ ಕೊರತೆಯ ಹಳೆಯ ಗುರುತು. ರಾತ್ರಿ ಮಲಗಿದಾಗ ಕಾಲು ಆಡಿಸುತ್ತಲೇ ಇರಬೇಕೆನ್ನಿಸುವುದು, ಕೂದಲು ಉದುರುವುದು, ಉಗುರು ಚಪ್ಪಟೆಯಾಗುವುದು ಕೂಡ. ಪಾದ ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು ಬಿ12 ಕಡೆಗೆ ಬೊಟ್ಟು ಮಾಡುತ್ತವೆ. ಇವುಗಳಲ್ಲಿ ಯಾವುದಿದ್ದರೂ ರಕ್ತದಾನ ಸದ್ಯಕ್ಕೆ ಬೇಡ, ವೈದ್ಯರ ಬಳಿ ಹೋಗಿ.

ಹಂತ 4: ಆಪರೇಷನ್ ಮಾಡಿದ ತಂಡವನ್ನು ಕೇಳಿ

ರಿಪೋರ್ಟ್ ಕಳಿಸಿ "350 ಮಿ.ಲೀ. ರಕ್ತ ಕೊಡಬೇಕೆಂದಿದ್ದೇನೆ, ಆಗಬಹುದೇ?" ಎಂದು ಸರ್ಜನ್ ಅಥವಾ ಡಯಟೀಷಿಯನ್‌ಗೆ ಒಂದು ಸಂದೇಶ ಕಳಿಸಿದರೆ ಸಾಕು. ಒಪ್ಪಿಗೆ ಬರವಣಿಗೆಯಲ್ಲಿದ್ದರೆ ರಕ್ತನಿಧಿಯ ವೈದ್ಯರಿಗೂ ತೋರಿಸಬಹುದು.

ಮಾತ್ರೆಗಳ ವಿಷಯವೂ ಇಲ್ಲೇ ಬಗೆಹರಿಯಲಿ. ಶುಗರ್ ಇರುವವರು ಮಾತ್ರೆಯಿಂದ ಹತೋಟಿಯಲ್ಲಿದ್ದು, ಕಳೆದ 4 ವಾರಗಳಲ್ಲಿ ಡೋಸ್ ಬದಲಾಗಿರದೆ, ನರ, ಮೂತ್ರಪಿಂಡ, ಕಣ್ಣಿನ ತೊಂದರೆ ಇಲ್ಲದಿದ್ದರೆ ಕೊಡಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ಮೊದಲು ಇನ್ಸುಲಿನ್ ಇತ್ತು, ಆಪರೇಷನ್ ಆದ ಮೇಲೆ ನಿಂತಿದೆ ಎನ್ನುವವರು ಮುಚ್ಚಿಡದೆ ಹೇಳಿ, ತೀರ್ಮಾನ ರಕ್ತನಿಧಿಯ ವೈದ್ಯರದು. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಈಗ ಬೇಡ. ತೂಕಕ್ಕೆಂದು ವಾರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೂ ಪಟ್ಟಿಯಲ್ಲಿ ಬರೆಯಿರಿ.

ಹಂತ 5: ಎಲ್ಲಿ, ಎಷ್ಟು?

ಮೊದಲ ಸಲವಾದರೂ ಶಿಬಿರದ ಬದಲು ರಕ್ತನಿಧಿಗೇ ಹೋಗಿ. ಈಗಿನ ನಿಯಮದ ಭಾಷೆಯಲ್ಲಿ ಅದನ್ನು ರಕ್ತ ಕೇಂದ್ರ ಎನ್ನುತ್ತಾರೆ. ರಾಜ್ಯೋತ್ಸವ, ಗಣೇಶೋತ್ಸವದ ಶಿಬಿರಗಳಲ್ಲಿ ಉತ್ಸಾಹ ಇರುತ್ತದೆ, ನಿಮ್ಮ ಕಥೆ ಕೇಳಲು ವೈದ್ಯರಿಗೆ ಪುರುಸೊತ್ತಿರುವುದಿಲ್ಲ. ಕೇಂದ್ರದಲ್ಲಿ ಸಾಲು ಚಿಕ್ಕದು, ಮಲಗಲು ಜಾಗವಿದೆ, ತಲೆಸುತ್ತಿದರೆ ನೋಡಿಕೊಳ್ಳುವವರಿದ್ದಾರೆ. ಹತ್ತಿರದ ಕೇಂದ್ರ ಯಾವುದು ಎಂದು ಸರ್ಕಾರದ ಇ-ರಕ್ತಕೋಶ ಪೋರ್ಟಲ್‌ನಲ್ಲಿ ಸಿಗುತ್ತದೆ. ಹೋಗುವ ಮುಂಚೆ ಫೋನ್ ಮಾಡಿ, ವೈದ್ಯರು ಇರುವ ಹೊತ್ತು ಕೇಳಿಕೊಳ್ಳಿ.

ನಮ್ಮಲ್ಲಿ 45 ಕೆ.ಜಿ. ಮೇಲಿನವರಿಂದ 350 ಮಿ.ಲೀ., 55 ಕೆ.ಜಿ.ಗಿಂತ ಹೆಚ್ಚಿದ್ದರೆ 450 ಮಿ.ಲೀ. ತೆಗೆಯಬಹುದು. ಹಿಂದೆ 110 ಕೆ.ಜಿ. ಇದ್ದಾಗ 450 ಕೊಟ್ಟು ಅಭ್ಯಾಸವಾದವರು ಈಗಲೂ ಅಷ್ಟೇ ಕೊಡಲು ಮುಂದಾಗುತ್ತಾರೆ. ತೂಕ ಇಳಿದಂತೆ ಮೈಯಲ್ಲಿರುವ ರಕ್ತದ ಪ್ರಮಾಣವೂ ಇಳಿದಿರುತ್ತದೆ. "350ರ ಚೀಲದಲ್ಲೇ ತೆಗೆಯಿರಿ" ಎಂದು ಕೇಳಿ. ನಾಚಿಕೆಪಡುವ ವಿಷಯವಲ್ಲ, ಆ ಚೀಲವೂ ರೋಗಿಗೆ ಅಷ್ಟೇ ಬೇಕಾದದ್ದು.

ಹಂತ 6: ಹಿಂದಿನ ದಿನ, ಆ ಬೆಳಗ್ಗೆ

ಎಲ್ಲ ರಕ್ತದಾನಿಗಳಿಗೂ ಹೇಳುವ ಮಾತು, "ಹೊಟ್ಟೆ ತುಂಬ ತಿಂಡಿ ತಿನ್ನಿ, ಎರಡು ಲೋಟ ನೀರು ಗಟಗಟ ಕುಡಿದು ಮಲಗಿ" ಎನ್ನುವುದು. ಈ ಎರಡೂ ನಿಮಗೆ ಆಗುವಂಥವಲ್ಲ. ಗಟಗಟ ಕುಡಿದರೆ ಎದೆ ಬಿಗಿದು ವಾಂತಿಯಾದೀತು.

ನೀರಿನ ಕೆಲಸ ಹಿಂದಿನ ದಿನವೇ ಶುರುವಾಗಲಿ. ಬಾಟಲಿ ಜೊತೆಯಲ್ಲಿಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ಗುಟುಕು ಗುಟುಕಾಗಿ, ದಿನಕ್ಕೆ ಎರಡು ಲೀಟರ್ ಹತ್ತಿರ ಬರುವಂತೆ ಕುಡಿಯಿರಿ. ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು, ಉಪ್ಪು ಬಿಪಿ ಕುಸಿಯದಂತೆ ಹಿಡಿಯುತ್ತದೆ. ಆ ದಿನ ಬೆಳಗ್ಗೆ ಎದ್ದಾಗಿನಿಂದ ಕೊಡುವ ಹೊತ್ತಿನವರೆಗೆ ಅರ್ಧ ಲೀಟರ್ ಒಳಗೆ ಹೋಗಿರಲಿ. ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರ ನಿಮಗೆ ಗೊತ್ತೇ ಇದೆ, ಇವತ್ತೂ ಅದನ್ನು ಮುರಿಯಬೇಡಿ. ಅದಕ್ಕೇ ಬೆಳಗ್ಗೆ ಏಳಕ್ಕೆ ಎದ್ದು ಎಂಟಕ್ಕೆ ಕೊಡುವ ಯೋಚನೆ ಬೇಡ, ಹನ್ನೊಂದು ಗಂಟೆ ಒಳ್ಳೆಯ ಹೊತ್ತು.

ತಿಂಡಿ ಎರಡು ಗಂಟೆ ಮೊದಲು ಮುಗಿದಿರಲಿ. ಎರಡು ಮೊಟ್ಟೆ, ಅಥವಾ ಹೆಸರುಕಾಳಿನ ಉಸಲಿ ಜೊತೆ ಒಂದು ಇಡ್ಲಿ, ಅಥವಾ ಪನೀರ್. ಏಕಾದಶಿ, ಸಂಕಷ್ಟಿ ಎಂದು ಉಪವಾಸವಿದ್ದರೆ ಆ ದಿನ ಕೊಡುವಂತಿಲ್ಲ, ನಿಯಮವೇ ಹಾಗಿದೆ. ಹಿಂದಿನ ರಾತ್ರಿ ಮದ್ಯ ಬೇಡ. ನಿಮ್ಮ ಹೊಟ್ಟೆಯಲ್ಲಿ ಅದು ಬೇಗ ಏರುತ್ತದೆ, ಮೈಯನ್ನು ಒಣಗಿಸುತ್ತದೆ. ಚೀಲಕ್ಕೆ ಎರಡು ಚಿಕ್ಕ ಡಬ್ಬಿ ಹಾಕಿಕೊಳ್ಳಿ, ಒಂದರಲ್ಲಿ ಹುರಿಗಡಲೆ ಅಥವಾ ಕಡಲೆಬೀಜ, ಇನ್ನೊಂದರಲ್ಲಿ ಉಪ್ಪು ಮಜ್ಜಿಗೆ. ಯಾಕೆಂದು ಎಂಟನೇ ಹಂತದಲ್ಲಿ ಹೇಳುತ್ತೇನೆ.

ಹಂತ 7: ಕೇಂದ್ರದಲ್ಲಿ

ಅರ್ಜಿ ತುಂಬುವಾಗ ಆಪರೇಷನ್ ಆಗಿಲ್ಲ ಎಂದು ಗುರುತು ಹಾಕುವವರಿದ್ದಾರೆ, ಕಳಿಸಿಬಿಟ್ಟಾರು ಎಂಬ ಭಯಕ್ಕೆ. ಒಮ್ಮೆ ಶಿಬಿರವೊಂದರಲ್ಲಿ ಒಬ್ಬ ಹುಡುಗ ಆಪರೇಷನ್ ಆಗಿ ಎಂಟು ತಿಂಗಳಾಗಿದ್ದನ್ನು ಹೇಳದೆ ಕೊಟ್ಟು, ಜ್ಯೂಸ್ ಕುಡಿದ ಕಾಲು ಗಂಟೆಗೆ ಬೆವತು ಕುಸಿದ. ಏನಾಗುತ್ತಿದೆ ಎಂದು ಅಲ್ಲಿದ್ದವರಿಗೆ ತಿಳಿಯಲೇ ಇಲ್ಲ, ಇನ್ನೂ ಸಕ್ಕರೆ ನೀರು ಕುಡಿಸಿದರು. ಹೇಳಿದ್ದರೆ ಹಾಗಾಗುತ್ತಿರಲಿಲ್ಲ.

ವೈದ್ಯರು ಬಿಪಿ, ನಾಡಿ ನೋಡುತ್ತಾರೆ. ಮೇಲಿನ ಬಿಪಿ 100ರಿಂದ 140, ಕೆಳಗಿನದು 60ರಿಂದ 90, ನಾಡಿ ನಿಮಿಷಕ್ಕೆ 60ರಿಂದ 100 ಇರಬೇಕು. ತೂಕ ಇಳಿದವರಲ್ಲಿ ಬಿಪಿ 96, ನಾಡಿ 56 ಕಾಣುವುದು ಅಪರೂಪವಲ್ಲ. ಆಗ ವಾಪಸ್ ಕಳಿಸುತ್ತಾರೆ, ಅದು ಸರಿಯೇ. ಕೂತು ಎದ್ದಾಗ ಕಣ್ಣು ಕತ್ತಲೆ ಬರುವ ಅಭ್ಯಾಸವಿದ್ದರೆ ಕೇಳುವ ಮುಂಚೆಯೇ ಹೇಳಿ. ಬಿಪಿ ಮಾತ್ರೆ ಇತ್ತೀಚೆಗೆ ಬದಲಾಗಿದ್ದರೂ ಹೇಳಿ.

ರಕ್ತ ಹೋಗುತ್ತಿರುವಾಗ ಕಾಲಿನ ಸ್ನಾಯುಗಳನ್ನು ಬಿಗಿ ಮಾಡಿ ಸಡಿಲಿಸುತ್ತಿರಿ, ರಕ್ತ ಕಾಲಲ್ಲೇ ನಿಲ್ಲದಂತೆ ಅದು ತಡೆಯುತ್ತದೆ. ಬೆವರು, ಆಕಳಿಕೆ, ಕಿವಿ ಗುಂಯ್‌ಗುಡುವುದು ಶುರುವಾದರೆ ತಕ್ಷಣ ಟೆಕ್ನೀಷಿಯನ್‌ಗೆ ಹೇಳಿ. ತಡೆದುಕೊಳ್ಳುವುದು ಧೈರ್ಯವಲ್ಲ.

ಹಂತ 8: ಮೊದಲ ಒಂದು ಗಂಟೆ

ಸೂಜಿ ತೆಗೆದ ಮೇಲೆ ಹದಿನೈದು ನಿಮಿಷ ಮಲಗಿಯೇ ಇರಿ. ಆಮೇಲೆ ಕೂತು, ಕಾಲು ಇಳಿಬಿಟ್ಟು, ಐದು ನಿಮಿಷ ಬಿಟ್ಟು ಏಳಿ.

ಈಗ ಮಾವಿನ ಜ್ಯೂಸ್ ಪೊಟ್ಟಣ, ಸಿಹಿ ಬಿಸ್ಕತ್ತು, ಕೆಲವು ಕಡೆ ಗ್ಲೂಕೋಸ್ ನೀರು ಬರುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ. ಬೈಪಾಸ್ ಆದವರು ಅದನ್ನು ಮುಟ್ಟಬೇಡಿ, ಸ್ಲೀವ್ ಆದವರೂ ಬಿಡುವುದು ಮೇಲು. ಹತ್ತರಿಂದ ಮೂವತ್ತು ನಿಮಿಷದಲ್ಲಿ ಡಂಪಿಂಗ್ ಆದರೆ, ರಕ್ತ ಕೊಟ್ಟಿದ್ದರಿಂದ ಬಂದ ತಲೆಸುತ್ತೋ ಜ್ಯೂಸ್‌ನಿಂದ ಬಂದದ್ದೋ ಎಂದು ವೈದ್ಯರಿಗೂ ಗೊತ್ತಾಗುವುದಿಲ್ಲ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಶುಗರ್ ಒಮ್ಮೆಲೇ ಕುಸಿಯುತ್ತದೆ. ಅಷ್ಟು ಹೊತ್ತಿಗೆ ನೀವು ಗಾಡಿ ಓಡಿಸುತ್ತಿರಬಹುದು. ನಿಮ್ಮ ಡಬ್ಬಿ ತೆಗೆಯಿರಿ, ಉಪ್ಪು ಮಜ್ಜಿಗೆ ಗುಟುಕು ಗುಟುಕಾಗಿ, ಅದಾಗಿ ಅರ್ಧ ಗಂಟೆ ಬಿಟ್ಟು ಕಡಲೆ. "ನನಗೆ ಸಿಹಿ ಆಗುವುದಿಲ್ಲ, ಹೊಟ್ಟೆ ಆಪರೇಷನ್ ಆಗಿದೆ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೈಕ್‌ನಲ್ಲಿ ಒಬ್ಬರೇ ಬರಬೇಡಿ, ಜೊತೆಗೊಬ್ಬರಿರಲಿ. ಆ ದಿನ ಜಿಮ್, ಭಾರ ಎತ್ತುವುದು, ಬಿಸಿಲಿನ ಓಡಾಟ ಬೇಡ.

ತೋಳು ನೋವು ಬಂದರೆ ಪ್ಯಾರಾಸಿಟಮಾಲ್ ಸಾಕು. ಬೈಪಾಸ್ ಆದವರು ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ನುಂಗಬಾರದು. ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರಬಹುದು. ಮೆಡಿಕಲ್ ಶಾಪಿನಲ್ಲಿ "ನೋವಿಗೆ ಏನಾದರೂ ಕೊಡಿ" ಎಂದು ಕೇಳಬೇಡಿ, ಹೆಸರು ಹೇಳಿ ಕೇಳಿ.

ಹಂತ 9: ಮುಂದಿನ ಮೂರು ನಾಲ್ಕು ತಿಂಗಳು

ಇಲ್ಲಿ ಎಲ್ಲರೂ ಮರೆಯುತ್ತಾರೆ. ಪ್ಲಾಸ್ಟರ್ ಕಿತ್ತ ಮೇಲೆ ಮುಗಿಯಿತು ಎಂದುಕೊಳ್ಳುತ್ತಾರೆ.

ಸ್ಲೀವ್ ಅಥವಾ ಬೈಪಾಸ್ ಆದವರಿಗೆ, ಅವರಲ್ಲೂ ಮುಟ್ಟಾಗುವ ಹೆಣ್ಣುಮಕ್ಕಳಿಗೆ, ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂಬುದು ಸಾಮಾನ್ಯ ಸಲಹೆ. ನೀವು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಬಿಡದೆ ಮುಂದುವರಿಸಿ, ಹೆಚ್ಚಿಸಬೇಕೇ ಎಂದು ವೈದ್ಯರನ್ನು ಕೇಳಿ. ಎಷ್ಟು ನುಂಗುತ್ತೀರಿ ಎಂಬಷ್ಟೇ ಹೇಗೆ ನುಂಗುತ್ತೀರಿ ಎಂಬುದೂ ಮುಖ್ಯ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣಾಂಶದ ಮಾತ್ರೆಗೂ ಎರಡು ಗಂಟೆಯ ಅಂತರ ಬೇಕು. ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಕಾಫಿ, ಟೀ ಜೊತೆ ಬೇಡವೇ ಬೇಡ, ಬೆಳಗಿನ ಫಿಲ್ಟರ್ ಕಾಫಿಗೂ ಮಾತ್ರೆಗೂ ಒಂದು ಗಂಟೆಯಾದರೂ ದೂರವಿರಲಿ. ನಿಂಬೆರಸ ಹಿಂಡಿದ ನೀರಿನ ಜೊತೆ ನುಂಗಿದರೆ ಹೆಚ್ಚು ಹತ್ತುತ್ತದೆ.

ದಾಳಿಂಬೆ, ಬೀಟ್‌ರೂಟ್, ಖರ್ಜೂರ, ಬೆಲ್ಲ ತಿಂದರೆ ರಕ್ತ ಬರುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಬಣ್ಣ ಕೆಂಪಗಿದ್ದ ಮಾತ್ರಕ್ಕೆ ಕಬ್ಬಿಣಾಂಶ ಹೆಚ್ಚಿರುವುದಿಲ್ಲ. ನಿಮಗೆ ಅಷ್ಟು ಸಿಹಿ ಆಗಿಯೂ ಬರುವುದಿಲ್ಲ. ಮಾಂಸ ತಿನ್ನುವವರಿಗೆ ಲಿವರ್, ಕುರಿ ಮಾಂಸದ ಕಬ್ಬಿಣಾಂಶ ಸುಲಭವಾಗಿ ಹತ್ತುತ್ತದೆ. ತಿನ್ನದವರಿಗೆ ಕಾಳು, ಸೊಪ್ಪು ಒಳ್ಳೆಯವೇ, ಆದರೆ ಆಪರೇಷನ್ ಆದ ಹೊಟ್ಟೆಯಲ್ಲಿ ಆಹಾರ ಒಂದರಿಂದಲೇ ಕಣಜ ತುಂಬುತ್ತದೆ ಎಂದು ನಂಬಿ ಕೂರಬೇಡಿ. ಆಪರೇಷನ್ ಏನೂ ಆಗದ ರಕ್ತದಾನಿಗಳ ಮೇಲೆ ನಡೆಸಿ 2015ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಾತ್ರೆ ತೆಗೆದುಕೊಳ್ಳದವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಕಬ್ಬಿಣಾಂಶದ ದಾಸ್ತಾನು 168 ದಿನಗಳಾದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಪೂರ್ತಿ ಹೊಟ್ಟೆ, ಪೂರ್ತಿ ಕರುಳು ಇದ್ದವರ ಪಾಡೇ ಅದು.

ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಟಾರಿನ ಹಾಗೆ ಜಿಗುಟಾಗಿ, ಕೆಟ್ಟ ವಾಸನೆ, ಹೊಟ್ಟೆನೋವು ಇದ್ದರೆ ಮಾತ್ರೆಯ ಮೇಲೆ ಹಾಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಮೂರು ತಿಂಗಳಿಗೆ ಫೆರಿಟಿನ್ ಮತ್ತೆ ಮಾಡಿಸಿ. ಏರದೆ ನಿಂತಿದ್ದರೆ ನಿಮ್ಮ ಕರುಳು ಮಾತ್ರೆಯನ್ನು ಹೀರುತ್ತಿಲ್ಲ ಎಂದರ್ಥ. ಆಗ ರಕ್ತನಾಳದ ಮೂಲಕ ಐರನ್ ಡ್ರಿಪ್ ಹಾಕಬೇಕಾದೀತು. ರಕ್ತ ಕೊಡಲೆಂದೇ ಡ್ರಿಪ್ ಹಾಕಿಸಿಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಡಿ.

ಮತ್ತೆ ಯಾವಾಗ? ನಿಯಮದಲ್ಲಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ. ಅದು ಎಲ್ಲರಿಗೂ ಸೇರಿ ಮಾಡಿದ ಕನಿಷ್ಠ ಗೆರೆ. ಆಪರೇಷನ್ ಆದವರಿಗೆ ವರ್ಷಕ್ಕೊಮ್ಮೆ, ವಾರ್ಷಿಕ ತಪಾಸಣೆಯ ರಿಪೋರ್ಟ್ ನೋಡಿಕೊಂಡು ಕೊಟ್ಟರೆ ಬೇಕಾದಷ್ಟಾಯಿತು ಎಂಬುದು ನನ್ನ ಅಭಿಪ್ರಾಯ.

ಪ್ಲೇಟ್‌ಲೆಟ್ ಕೊಡಬಹುದೇ?

ಡೆಂಗಿ ಕಾಲದಲ್ಲಿ ಈ ಪ್ರಶ್ನೆ ಹೆಚ್ಚು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದು ಕೆಂಪು ಕಣಗಳನ್ನು ಮೈಗೇ ವಾಪಸ್ ಬಿಡುತ್ತಾರೆ. ಹಾಗಾಗಿ ಕಬ್ಬಿಣಾಂಶ ಹೋಗುವುದು ಬಹಳ ಕಡಿಮೆ. ಆ ಮಟ್ಟಿಗೆ ನಿಮಗೆ ಇದೇ ವಾಸಿ. ಆದರೆ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ತುಟಿ, ಬೆರಳ ತುದಿ ಜುಮ್ಮೆನ್ನುವುದು ಅದಕ್ಕೇ. ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲೇ ಕಡಿಮೆ ಇರುವ ಬೈಪಾಸ್ ಆದವರಿಗೆ ಇದು ಜೋರಾಗಬಹುದು. ಆ ಎರಡು ರಿಪೋರ್ಟ್ ಸರಿ ಇದ್ದು, ತೂಕ 50 ಕೆ.ಜಿ. ಮೇಲಿದ್ದು, 12 ತಿಂಗಳು ಕಳೆದಿದ್ದರೆ ಕೇಂದ್ರದ ವೈದ್ಯರನ್ನು ಕೇಳಿ.

ಹೊರದೇಶದಲ್ಲಿರುವವರಿಗೆ

ಆಪರೇಷನ್ ಬೆಂಗಳೂರಿನಲ್ಲಿ ಮಾಡಿಸಿ ಲಂಡನ್, ಡಲ್ಲಾಸ್‌ನಲ್ಲಿರುವ ಕನ್ನಡಿಗರೂ ಕೇಳುತ್ತಾರೆ. ಅಲ್ಲಿಯ ನಿಯಮ ಬೇರೆ. ಬ್ರಿಟನ್, ಅಮೆರಿಕ ಎರಡೂ ಕಡೆ ತೂಕ ಕನಿಷ್ಠ 50 ಕೆ.ಜಿ. ಇರಬೇಕು. ಹಿಮೋಗ್ಲೋಬಿನ್ ಹೆಂಗಸರಿಗೆ 12.5. ಗಂಡಸರಿಗೆ ಬ್ರಿಟನ್‌ನಲ್ಲಿ 13.5, ಅಮೆರಿಕದಲ್ಲಿ 13. ಅಮೆರಿಕದಲ್ಲಿ 56 ದಿನಕ್ಕೊಮ್ಮೆ ಕೊಡಲು ಬಿಡುತ್ತಾರೆ ಎಂದು ಆಗಾಗ ಹೋಗಬೇಡಿ, ಮೇಲೆ ಹೇಳಿದ ಕಣಜದ ಲೆಕ್ಕ ಎಲ್ಲ ದೇಶದಲ್ಲೂ ಒಂದೇ. ಊರಿಗೆ ಬಂದು ಹೋದ ಮೇಲೆ ಮಲೇರಿಯಾ ಕಾರಣಕ್ಕೂ ಕೆಲವು ತಿಂಗಳು ತಡೆಯಬಹುದು, ಪ್ರಯಾಣದ ದಿನಾಂಕ ಕೈಯಲ್ಲಿಟ್ಟುಕೊಂಡು ಮಾತಾಡಿ.

ರಾತ್ರಿ ಹತ್ತಕ್ಕೆ ಫೋನ್ ಬಂದಾಗ

"ಚಿಕ್ಕಪ್ಪನಿಗೆ ಆಪರೇಷನ್ ಇದೆ, ಎರಡು ಯೂನಿಟ್‌ಗೆ ಬದಲಿ ರಕ್ತ ಕೇಳ್ತಿದ್ದಾರೆ, ನಿಂದು ಓ ಪಾಸಿಟಿವ್ ಅಲ್ವಾ, ಬಂದುಬಿಡು." ಎಷ್ಟೇ ಸಿದ್ಧತೆ ಮಾಡಿಕೊಂಡವರೂ ಇಲ್ಲಿ ಸೋಲುತ್ತಾರೆ. ಆಪರೇಷನ್ ಆಗಿರುವುದನ್ನು ನೆಂಟರಿಗೆ ಹೇಳದೆ ಇಟ್ಟವರಿಗೆ ಇನ್ನೂ ಕಷ್ಟ, ಇಲ್ಲ ಎನ್ನಲು ಕಾರಣ ಸಿಗುವುದಿಲ್ಲ. ರಿಪೋರ್ಟ್ ಇಲ್ಲದೆ, ನೀರು ಕುಡಿಯದೆ, ದಿನವಿಡೀ ದುಡಿದು ಹೋಗಿ ಕೊಡಬೇಡಿ. "ಡಾಕ್ಟರು ನನಗೆ ರಕ್ತ ಕೊಡಬೇಡ ಎಂದಿದ್ದಾರೆ, ಕೊಡುವ ಇಬ್ಬರನ್ನು ನಾನೇ ಕರೆತರುತ್ತೇನೆ" ಎಂದು ಹೇಳಿ, ಹಾಗೆಯೇ ಮಾಡಿ. ಅದಕ್ಕೆಂದು ನಿಮ್ಮ ಆಫೀಸು, ಬೀದಿ, ಗೆಳೆಯರ ಬಳಗದಲ್ಲಿ ಯಾರ ಗುಂಪು ಯಾವುದು, ಕೊನೆಯ ಸಲ ಯಾವಾಗ ಕೊಟ್ಟರು ಎಂಬ ಪಟ್ಟಿ ಮೊಬೈಲ್‌ನಲ್ಲಿಟ್ಟುಕೊಳ್ಳಿ. ನನ್ನ ಪಟ್ಟಿಯಲ್ಲಿ ಈಗ ಅರವತ್ತೆರಡು ಹೆಸರಿವೆ. ಕಳೆದ ತಿಂಗಳು ಅದರಿಂದ ಏಳು ಚೀಲ ರಕ್ತ ಹೊರಟಿತು.